ಓದುಗರ ಪ್ರಶ್ನೆ: ಮೋಶಿಯಲ್ಲಿ ಹೊಸ ವರ್ಷ, ಮನಸ್ಸು ರಾಜಾಜಿನಗರದಲ್ಲಿ

ಪ್ರಶ್ನೆ: ನಾನು ರಾಜಾಜಿನಗರದವಳು, ವಯಸ್ಸು 27. ಸಾಫ್ಟ್‌ವೇರ್ ಕೆಲಸ ಬಿಟ್ಟು ನವೆಂಬರ್‌ನಲ್ಲಿ ತಾಂಜಾನಿಯಾದ ಮೋಶಿ ಹತ್ತಿರದ ಒಂದು ಹೈಸ್ಕೂಲಿಗೆ ವಾಲಂಟಿಯರ್ ಆಗಿ ಬಂದೆ. ಗಣಿತ, ಕಂಪ್ಯೂಟರ್ ಹೇಳಿಕೊಡಬೇಕು. ಬಂದ ಸ್ವಲ್ಪ ದಿನಕ್ಕೇ ರಜೆ ಶುರುವಾಯಿತು. ಡಿಸೆಂಬರ್ ಪೂರ್ತಿ ಸುಮ್ನೆ ಕೂತಿದ್ದೆ. 31ರ ರಾತ್ರಿ ಫ್ರೆಂಡ್ಸ್ ಎಲ್ಲ ಬ್ರಿಗೇಡ್ ರೋಡಿಂದ ಹನ್ನೆರಡು ಹೊಡೆಯುವ ವಿಡಿಯೋ ಕಳಿಸಿದರು. ಇಲ್ಲಿ ಇನ್ನೂ ಒಂಬತ್ತೂವರೆ, ಕರೆಂಟೂ ಇರಲಿಲ್ಲ. ನಾನು ಬಂದು ಯಾರಿಗೇನು ಉಪಯೋಗವಾಯಿತು ಅನಿಸುತ್ತಿದೆ. ಹೊಸ ವರ್ಷಕ್ಕೆ ಏನಾದರೂ ದೊಡ್ಡ ಪ್ಲಾನ್ ಹಾಕಿಕೊಳ್ಳಲಾ, ಇಲ್ಲ ವಾಪಸ್ ಬಂದುಬಿಡಲಾ?

ಉತ್ತರ: ಎರಡೂ ಬೇಡ. ಅಲ್ಲಿ ಶಾಲೆಯ ವರ್ಷ ಶುರುವಾಗುವುದೇ ಜನವರಿಯಲ್ಲಿ. ಏಪ್ರಿಲ್ ಕೊನೆಯಲ್ಲಿ ಬೆಂಗಳೂರಿನ ಶಾಲೆಗೆ ಹೊಸ ಮೇಷ್ಟ್ರೊಬ್ಬರು ಬಂದು, ಮಕ್ಕಳೇ ಇಲ್ಲವಲ್ಲ ಅಂತ ಬೇಜಾರು ಮಾಡಿಕೊಂಡರೆ ನೀವೇ ನಗುತ್ತೀರಿ, ಅಲ್ವಾ?

ನಿಮ್ಮ ಕೆಲಸ ಈಗ ಶುರು, ಅದೂ ಒಳ್ಳೇ ಜಾಗದಲ್ಲೇ ಶುರು. ತಾಂಜಾನಿಯಾದ ಸರ್ಕಾರಿ ಪ್ರೈಮರಿ ಶಾಲೆಗಳಲ್ಲಿ ಪಾಠ ನಡೆಯುವುದು ಸ್ವಾಹಿಲಿಯಲ್ಲಿ. ಫಾರ್ಮ್ ಒನ್‌ಗೆ, ಅಂದರೆ ಹೈಸ್ಕೂಲಿನ ಮೊದಲ ತರಗತಿಗೆ ಬರುತ್ತಿದ್ದ ಹಾಗೇ ಎಲ್ಲಾ ಇಂಗ್ಲಿಷ್. ಕನ್ನಡ ಮೀಡಿಯಂನಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿ ಪಿಯುಸಿ ಸೈನ್ಸ್‌ಗೆ ಬಂದು ಕೂತ ನಮ್ಮ ಮಕ್ಕಳ ಮುಖ ನೋಡಿದ್ದೀರಾ? ಅದೇ ಮುಖ ನಿಮ್ಮ ಕ್ಲಾಸಿನಲ್ಲೂ ಇರುತ್ತದೆ. ಬೋರ್ಡಿನ ಮೇಲೆ ಆಯತ ಬರೆದು 'ಪೆರಿಮೀಟರ್ ಕಂಡುಹಿಡಿ' ಅಂದರೆ ಹುಡುಗ ಸುಮ್ಮನೆ ನಿಂತಿರುತ್ತಾನೆ. ಪಕ್ಕದಲ್ಲಿ 'ಮ್ಜಿಂಗೊ' ಅಂತ ಸ್ವಾಹಿಲಿಯಲ್ಲಿ ಬರೆಯಿರಿ, ನಾಲ್ಕೂ ಬದಿ ಕೂಡಿಸಿ ಉತ್ತರ ಹೇಳಿಬಿಡುತ್ತಾನೆ. ಅವನಿಗೆ ಲೆಕ್ಕ ಬರುತ್ತಿತ್ತು, ಪ್ರಶ್ನೆ ಅರ್ಥವಾಗಿರಲಿಲ್ಲ. ಅದಕ್ಕೇ ಈ ಟರ್ಮಿನಲ್ಲಿ ಇದೊಂದು ಮಾಡಿ: ಅಲ್ಲಿನ ಗಣಿತದ ಮೇಷ್ಟ್ರ ಜೊತೆ ಕೂತು ಪ್ರತಿ ಪಾಠಕ್ಕೂ ಬೇಕಾದ ಪದಗಳನ್ನು ಎರಡೂ ಭಾಷೆಯಲ್ಲಿ ಬರೆದಿಡಿ, ಬೋರ್ಡಿನ ಒಂದು ಮೂಲೆಯನ್ನು ಅದಕ್ಕೇ ಬಿಡಿ. ಶಾಲೆಗೆ ಆ್ಯಪ್ ಮಾಡಿಕೊಡ್ತೀನಿ ಅಂತ ಮಾತ್ರ ಹೊರಡಬೇಡಿ! ನೀವು ಹೋದ ಮೇಲೂ ಅಲ್ಲೇ ಇರುವವರು ಆ ಮೇಷ್ಟ್ರು. ಅವರ ಕೈಯಲ್ಲಿ ನಡೆಯದ ಕೆಲಸ ನಿಮ್ಮ ಫ್ಲೈಟಿನ ಜೊತೆಗೇ ವಾಪಸ್ ಬರುತ್ತದೆ. ಮೊದಲು ಅವರ ಕ್ಲಾಸಿನಲ್ಲಿ ಹಿಂದಿನ ಬೆಂಚಲ್ಲಿ ಕೂತು ನೋಡಿ.

ಇನ್ನೆರಡು ಮಾತು. ಮಕ್ಕಳು ನಿಮಗೆ 'ಶಿಕಾಮೋ' ಅಂತ ನಮಸ್ಕಾರ ಹೇಳಿದರೆ ನೀವು 'ಮರಹಬಾ' ಅನ್ನಬೇಕು. ಆದರೆ ನಿಮಗಿಂತ ದೊಡ್ಡವರಿಗೆ, ಅಡುಗೆಯವರಿಗೆ, ಗೇಟಿನ ಕಾವಲುಗಾರರಿಗೆ, ಶಿಕಾಮೋ ಮೊದಲು ಹೇಳಬೇಕಾದವರು ನೀವು. ಫೋನ್ ನೋಡಿಕೊಂಡು ಅವರ ಮುಂದೆ ಹಾದುಹೋದರೆ, ಈ ಹುಡುಗಿಗೆ ದೊಡ್ಡವರು ಚಿಕ್ಕವರು ಗೊತ್ತಿಲ್ಲ ಅಂದುಕೊಳ್ಳುತ್ತಾರೆ, ಹಾಗಂತ ನಿಮ್ಮೆದುರು ಹೇಳುವುದೂ ಇಲ್ಲ. ಎರಡನೆಯದು ಗಡಿಯಾರ. ಸ್ವಾಹಿಲಿಯಲ್ಲಿ ಗಂಟೆ ಎಣಿಸುವುದು ಬೆಳಗ್ಗೆ ಆರರಿಂದ. 'ಸಾ ಎಂಬಿಲಿ', ಅಂದರೆ ಎರಡು ಗಂಟೆಗೆ ಮೀಟಿಂಗ್ ಎಂದರೆ ನಮ್ಮ ಬೆಳಗಿನ ಎಂಟು. ಮಧ್ಯಾಹ್ನ ಊಟ ಮುಗಿಸಿ ಆರಾಮಾಗಿ ಹೋದರೆ ಅಲ್ಲಿ ಬರೀ ಕುರ್ಚಿಗಳಿರುತ್ತವೆ.

ಬ್ರಿಗೇಡ್ ರೋಡಿನ ವಿಡಿಯೋಗೆ ನನ್ನ ಹತ್ತಿರ ಔಷಧಿ ಇಲ್ಲ. ಆ ತಳ್ಳಾಟದಲ್ಲಿ ನಿಂತವರಿಗೂ ಅಂಥ ಖುಷಿಯೇನೂ ಇರಲ್ಲ ಬಿಡಿ.

ಪ್ರಶ್ನೆ: ಮಗ ದಾರ್ ಎಸ್ ಸಲಾಮ್‌ನಲ್ಲಿ ವಾಲಂಟಿಯರ್ ಆಗಿದ್ದಾನೆ. ಈ ಸಲ ಯುಗಾದಿಗೆ ಬರಲ್ಲ ಅಂದ. ಅಲ್ಲಿಗೆ ಹೋಗುವವರೊಬ್ಬರು ಸಿಕ್ಕಿದ್ದಾರೆ. ಬೇವು, ಬೆಲ್ಲ, ರಾಗಿಹಿಟ್ಟು, ಚಟ್ನಿಪುಡಿ ಕಳಿಸೋಣ ಅಂತಿದ್ದೀನಿ. ಇನ್ನೇನು ಕಳಿಸಲಿ? (ಮಲ್ಲೇಶ್ವರದ ಒಬ್ಬ ತಾಯಿ)

ಉತ್ತರ: ಅಮ್ಮಾ, ಚಟ್ನಿಪುಡಿ ಖಂಡಿತ ಕಳಿಸಿ. ಮಿಕ್ಕಿದ್ದೆಲ್ಲ ಅಲ್ಲೇ ಇದೆ. ಬೇವಿನ ಮರ ಅಲ್ಲಿ ಬೇಕಾದಷ್ಟಿದೆ, 'ಮ್ವಾರೊಬೈನಿ' ಎಂದು ಕೇಳಿದರೆ ಯಾರಾದರೂ ತೋರಿಸುತ್ತಾರೆ, ನಲವತ್ತು ಕಾಯಿಲೆಗೆ ಮದ್ದು ಅಂತ ಅವರೂ ನಂಬುತ್ತಾರೆ. ಬೆಲ್ಲಕ್ಕೆ 'ಸುಕಾರಿ ಗುರು' ಎಂದು ಕೇಳಲಿ. ರಾಗಿಯಂತೂ ಪೂರ್ವ ಆಫ್ರಿಕಾದಿಂದಲೇ ನಮ್ಮಲ್ಲಿಗೆ ಬಂದ ಧಾನ್ಯ. ಅಲ್ಲಿ 'ಉಲೇಜಿ' ಅನ್ನುತ್ತಾರೆ, ಬೆಳಗ್ಗೆ ಅದರ ಗಂಜಿ ಕುಡಿಯುತ್ತಾರೆ. ಮಲ್ಲೇಶ್ವರದಿಂದ ಅಲ್ಲಿಗೆ ರಾಗಿ ಹೊತ್ತು ಕಳಿಸುವುದು ಬೇಡ. ಸೊಪ್ಪಿಲ್ಲದೆ ಊಟ ಇಳಿಯಲ್ಲ ಅನ್ನುವವನಾದರೆ ದಂಟಿನ ಸೊಪ್ಪಿನ ಜಾತಿಯ 'ಮ್ಚಿಚಾ' ಸಂತೆಯಲ್ಲಿ ಕಟ್ಟು ಕಟ್ಟು ಸಿಗುತ್ತದೆ.

ಒಂದು ಎಚ್ಚರಿಕೆ. 2019ರ ಜೂನ್ 1ರಿಂದ ತಾಂಜಾನಿಯಾದಲ್ಲಿ ಪ್ಲಾಸ್ಟಿಕ್ ಕ್ಯಾರಿ ಬ್ಯಾಗ್ ನಿಷೇಧ. ನಾವು ಪುಡಿ ಡಬ್ಬಿಗೆ ಒಂದರ ಮೇಲೊಂದು ಕವರ್ ಸುತ್ತಿ ಗಂಟು ಹಾಕುತ್ತೇವಲ್ಲ, ಅದನ್ನು ಮಾಡಬೇಡಿ. ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿ, ಅದಕ್ಕೊಂದು ಬಟ್ಟೆ ಚೀಲ. ಹೊತ್ತುಕೊಂಡು ಹೋಗುವವರಿಗೆ ಏರ್‌ಪೋರ್ಟಿನಲ್ಲಿ ಕಿರಿಕಿರಿ ಆಗಬಾರದು.

ಪ್ರಶ್ನೆ: ಹೊಸ ವರ್ಷಕ್ಕೆ ಎರಡು ವಾರ ಕಾಂಬೋಡಿಯಾದ ಅನಾಥಾಶ್ರಮದಲ್ಲಿ ಸೇವೆ, ಫೋಟೋ, ಸರ್ಟಿಫಿಕೇಟ್, ಎಲ್ಲ ಸೇರಿ ಒಂದು ಪ್ಯಾಕೇಜ್ ಇದೆ. ಹೋಗಬಹುದಾ?

ಉತ್ತರ: ಬೇಡ. ಅಲ್ಲಿನ ಅನಾಥಾಶ್ರಮಗಳಲ್ಲಿರುವ ಬಹುಪಾಲು ಮಕ್ಕಳಿಗೆ ಅಪ್ಪ ಅಥವಾ ಅಮ್ಮ ಬದುಕಿದ್ದಾರೆ. ದುಡ್ಡು ಕೊಟ್ಟು ಬರುವವರು ಹೆಚ್ಚಿದಷ್ಟೂ ತೋರಿಸಲು ಮಕ್ಕಳು ಬೇಕಾಗುತ್ತಾರೆ. ನೀವು ಹದಿನೈದು ದಿನ ಎತ್ತಿ ಆಡಿಸಿ ಹೊರಟುಬಿಡುತ್ತೀರಿ, ಮುಂದಿನ ವಾರ ಇನ್ನೊಬ್ಬರು ಬರುತ್ತಾರೆ, ಅವರೂ ಹೋಗುತ್ತಾರೆ. ಆ ಮಗುವಿನ ಗತಿ ಏನು? ಪ್ರವಾಸಕ್ಕೆ ಹೋಗುವ ಆಸೆ ಇದ್ದರೆ ಪ್ರವಾಸವನ್ನೇ ಮಾಡಿ, ಅಂಗ್ಕೋರ್ ವಾಟ್ ನೋಡಿ ಬನ್ನಿ. ಅದರಲ್ಲಿ ತಪ್ಪೇನಿಲ್ಲ.

ಪ್ರಶ್ನೆ: ನನಗೆ 61. ಎಂಜಿನಿಯರ್ ಆಗಿ ನಿವೃತ್ತನಾಗಿ ಜಯನಗರದಲ್ಲಿದ್ದೇನೆ. ಈ ವರ್ಷ ಹೊರದೇಶದಲ್ಲಿ ಸೇವೆ ಮಾಡುವ ಮನಸ್ಸು. ವಯಸ್ಸು ಜಾಸ್ತಿ ಆಯಿತೇ?

ಉತ್ತರ: ಇಲ್ಲ ಸಾರ್. ಜರ್ಮನಿಯ ಬಾನ್‌ನಲ್ಲಿ ಮುಖ್ಯ ಕಚೇರಿ ಇರುವ ವಿಶ್ವಸಂಸ್ಥೆಯ ಸ್ವಯಂಸೇವಕರ ಕಾರ್ಯಕ್ರಮದಲ್ಲಿ ನಿಮ್ಮಂಥ ಅನುಭವಸ್ಥರಿಗೂ ಜಾಗವಿದೆ. ಹೆಸರು ನೋಂದಾಯಿಸಲು ದುಡ್ಡು ಕೊಡಬೇಕಾಗಿಲ್ಲ. ಯಾರಾದರೂ ಅದರ ಹೆಸರು ಹೇಳಿ ಫೀಸು ಕೇಳಿದರೆ ಫೋನ್ ಇಟ್ಟುಬಿಡಿ. ಕೊಡುವುದು ಸಂಬಳವಲ್ಲ, ಜೀವನ ಭತ್ಯೆ. 'ಟೂರಿಸ್ಟ್ ವೀಸಾದಲ್ಲೇ ಹೋಗಿ, ಏನೂ ಆಗಲ್ಲ' ಅನ್ನುವವರನ್ನೂ ನಂಬಬೇಡಿ. ಉದಾಹರಣೆಗೆ ತಾಂಜಾನಿಯಾದಲ್ಲಿ ವಾಲಂಟಿಯರ್‌ಗಳಿಗೆ 'ಸಿ' ದರ್ಜೆಯ ರೆಸಿಡೆನ್ಸ್ ಪರ್ಮಿಟ್ ಬೇಕು. ಕೀನ್ಯಾ ಅಥವಾ ಇಥಿಯೋಪಿಯಾ ಕಡೆ ಹೊರಟರೆ ಹಳದಿ ಜ್ವರದ ಲಸಿಕೆ ಕೊನೇ ವಾರಕ್ಕೆ ಇಟ್ಟುಕೊಳ್ಳಬೇಡಿ. ಹಾಕಿಸಿದ ಹತ್ತು ದಿನದ ನಂತರವೇ ಲಸಿಕೆಯ ಕಾರ್ಡಿಗೆ ಬೆಲೆ. ಕಾರ್ಡಿಲ್ಲದೆ ವಾಪಸ್ ಬಂದರೆ ಆರು ದಿನದವರೆಗೆ ಕ್ವಾರಂಟೈನ್‌ನಲ್ಲಿ ಇಡಬಹುದು. 60 ದಾಟಿದವರಿಗೆ ಈ ಲಸಿಕೆಯ ಅಡ್ಡಪರಿಣಾಮದ ಅಪಾಯ ಸ್ವಲ್ಪ ಜಾಸ್ತಿ, ಆದ್ದರಿಂದ ಫಾರಂ ತುಂಬುವ ಮೊದಲೇ ನಿಮ್ಮ ಡಾಕ್ಟರನ್ನು ಕಂಡು ಬನ್ನಿ.