ತಾರಸಿ ಸೋರಿಕೆ: ಕೋಟಿಂಗ್ ಡಬ್ಬ ತರುವ ಮೊದಲು

ನಿಮ್ಮ ಸಮಸ್ಯೆ ಇಷ್ಟು: 12 ವರ್ಷ ಹಳೆಯ ಮನೆ, ಕೊಳ್ಳುವಾಗ ಒಳಗೆಲ್ಲ ಹೊಸ ಬಣ್ಣ, ಮೊದಲ ಮಳೆಗೇ ಮಲಗುವ ಕೋಣೆಯ ಸೀಲಿಂಗ್‌ನಲ್ಲಿ ಕಂದು ಕಲೆ. ಹಾಲ್‌ನಲ್ಲಿ ಫಾಲ್ಸ್ ಸೀಲಿಂಗ್ ಇರೋದರಿಂದ ಅಲ್ಲಿ ಏನಾಗಿದೆಯೋ ಗೊತ್ತಿಲ್ಲ. ಮೇಸ್ತ್ರಿ ಬಂದು ನೋಡಿ "ಇಡೀ ತಾರಸಿಗೆ ಕೋಟಿಂಗ್ ಹೊಡೆಸಿಬಿಡಿ" ಅಂದಿದ್ದಾರೆ. ಸದ್ಯಕ್ಕೆ ಬೇಡ. ನೀರು ಎಲ್ಲಿಂದ ಬರ್ತಿದೆ, ಮೋಲ್ಡ್ (ಕಾಂಕ್ರೀಟ್ ಚಾವಣಿ) ಒಳಗಿನ ಕಂಬಿ ಹೇಗಿದೆ ಅನ್ನೋದು ತಿಳಿಯದೆ ಹೊಡೆದ ಕೋಟಿಂಗ್ ಒಂದೆರಡು ಮಳೆಗಾಲ ಕಲೆಯನ್ನು ಮರೆಸುತ್ತೆ, ಅಷ್ಟೇ. ಹಿಂದಿನವರ ಹೊಸ ಬಣ್ಣವೂ ಬಹುಶಃ ಅದೇ ಕೆಲಸ ಮಾಡಿದೆ.

ಕಲೆ ಫ್ಯಾನ್ ಅಥವಾ ಲೈಟ್ ಹತ್ತಿರ ಇದ್ದರೆ ಮೊದಲು ಆ ಲೈನಿನ ಎಂಸಿಬಿ (ಕರೆಂಟ್ ಕಡಿಯುವ ಸ್ವಿಚ್) ಇಳಿಸಿ. ಮೋಲ್ಡ್‌ನೊಳಗಿನ ವೈರಿಂಗ್ ಪೈಪು ನೀರಿಗೆ ಒಳ್ಳೆ ದಾರಿ. ಸೋರೋದು ಒಂದು ಕಡೆ, ತೊಟ್ಟಿಕ್ಕೋದು ಹತ್ತು ಅಡಿ ಆಚೆ.

ಆಮೇಲೆ ಕಲೆಯನ್ನು ಗಮನಿಸಿ. ಅಂಚಿಗೆ ಪೆನ್ಸಿಲ್ ಗೆರೆ ಎಳೆದು ಪಕ್ಕದಲ್ಲಿ ತಾರೀಖು ಬರೆಯಿರಿ. ಮಳೆ ಬಂದ ಮೇಲೆ ಮಾತ್ರ ಗೆರೆ ದಾಟಿದರೆ ತಾರಸಿಯ ನೀರು. ಮಳೆ ಇರಲಿ ಬಿಡಲಿ ಒಂದೇ ಸಮ ಹಸಿಯಾಗಿದ್ದರೆ ಟ್ಯಾಂಕು, ಪೈಪು ಅಥವಾ ಮೇಲಿನ ಬಚ್ಚಲಿನ ಮೇಲೆ ಅನುಮಾನ ಪಡಿ. ಚಳಿಯ ದಿನಗಳಲ್ಲಿ ಮೂಲೆಗಳಲ್ಲಿ ಕಪ್ಪು ಬೂಷ್ಟು ಬಂದರೆ ಅದು ಸೋರಿಕೆಯೇ ಅಲ್ಲದಿರಬಹುದು, ಕೋಣೆಯ ಗಾಳಿಯ ತೇವ ತಣ್ಣನೆ ಮೋಲ್ಡಿಗೆ ತಾಗಿ ನೀರಾಗಿರುತ್ತೆ. ಒಂದಡಿ ಚೌಕದ ಅಲ್ಯೂಮಿನಿಯಂ ಫಾಯಿಲ್ಲನ್ನು ಒರೆಸಿದ ಜಾಗಕ್ಕೆ ನಾಲ್ಕೂ ಕಡೆ ಟೇಪ್ ಹಾಕಿ ಅಂಟಿಸಿ, ಎರಡು ದಿನ ಬಿಡಿ. ಹೊರಮೈ ಬೆವರಿದ್ದರೆ ಕೋಣೆಯ ತೇವ, ಹಿಂಬದಿ ಒದ್ದೆಯಾಗಿದ್ದರೆ ಮೋಲ್ಡಿನಿಂದ ಇಳಿದ ನೀರು.

ಇನ್ನು ಮುಖ್ಯ ವಿಷಯಕ್ಕೆ ಬರ್ತೀನಿ. ಸೀಲಿಂಗ್‌ನಲ್ಲಿ ತುಕ್ಕಿನ ಬಣ್ಣದ ನೇರ ಗೆರೆಗಳು ಸಮ ಅಂತರದಲ್ಲಿ ಕಾಣ್ತಿವೆಯಾ, ಅಥವಾ ಅದೇ ಸಾಲಿನಲ್ಲಿ ಸಣ್ಣ ಬಿರುಕು ಇದೆಯಾ ನೋಡಿ. ಇದ್ದರೆ ಅವು ಕಂಬಿಯ ಗೆರೆಗಳು. ತುಕ್ಕು ಹಿಡಿದ ಕಬ್ಬಿಣ ಮೂಲಕ್ಕಿಂತ ಎರಡು ಪಟ್ಟಿಗೂ ಹೆಚ್ಚು ಜಾಗ ಕೇಳುತ್ತೆ, ಕೆಳಗಿನ ಕಾಂಕ್ರೀಟನ್ನು ಒಳಗಿನಿಂದಲೇ ತಳ್ಳಿ ಎಬ್ಬಿಸುತ್ತೆ. ಕಣ್ಣಿಗೆ ಸರಿಯಾಗಿ ಕಂಡರೂ ಸದ್ದು ಗುಟ್ಟು ಬಿಟ್ಟುಕೊಡುತ್ತೆ. ಹೆಲ್ಮೆಟ್ಟು, ಕನ್ನಡಕ ಹಾಕಿಕೊಂಡು ಸಣ್ಣ ಸುತ್ತಿಗೆಯಲ್ಲಿ ಅರ್ಧ ಅಡಿಗೊಂದರಂತೆ ಮೆಲ್ಲಗೆ ತಟ್ಟುತ್ತಾ ಹೋಗಿ. ಗಟ್ಟಿ ಜಾಗ "ಟಣ್" ಅನ್ನುತ್ತೆ, ಎದ್ದ ಜಾಗ "ಡಬ್" ಅನ್ನುತ್ತೆ. ಡಬ್ ಅಂದ ಕಡೆಯೆಲ್ಲ ಸೀಮೆಸುಣ್ಣದಲ್ಲಿ ಸುತ್ತು ಹಾಕಿ. ಕೆಲವೊಮ್ಮೆ ಗಾರೆ ಮಾತ್ರ ಬಿಟ್ಟಿರುತ್ತೆ, ಒಂದು ಕಡೆ ಉಳಿಯಲ್ಲಿ ತೆಗೆದು ನೋಡಿದರೆ ಗೊತ್ತಾಗುತ್ತೆ. ಕಂಬಿ ಕಂಡರೆ ತಂತಿ ಬ್ರಷ್ಷಿನಲ್ಲಿ ಉಜ್ಜಿ ವರ್ನಿಯರ್‌ನಲ್ಲಿ (ದಪ್ಪ ಅಳೆಯುವ ಸಾಧನ) ಅಳೆಯಿರಿ. 12 ಎಂಎಂ ಕಂಬಿ 10 ಎಂಎಂಗೆ ಬಂದಿದ್ದರೆ "ಎರಡೇ ಎಂಎಂ ತಾನೇ" ಅನ್ನಬೇಡಿ. ಅದರ ಅಡ್ಡಕೊಯ್ತದಲ್ಲಿ ಶೇಕಡಾ 30ರಷ್ಟು ಹೋಗಿದೆ ಅಂತ ಲೆಕ್ಕ. ಅಲ್ಲಿಂದ ಮುಂದೆ ಸ್ಟ್ರಕ್ಚರಲ್ ಎಂಜಿನಿಯರ್ ನೋಡದೆ ಯಾರೂ ಉಳಿ ಹಾಕಬಾರದು, ಕೆಳಗೆ ಆಸರೆಗೆ ಜಾಕಿ ಕೊಡದೆ ಅಂತೂ ಹಾಕಲೇಬಾರದು. ಮೋಲ್ಡ್ ಜಗ್ಗಿದ ಹಾಗೆ ಕಂಡರೂ ಇದೇ ಮಾತು.

ಎಲ್ಲ ಕಡೆ "ಟಣ್" ಅಂದರೆ ಮಾತ್ರ ಮೇಲೆ ನೀರು ನಿಲ್ಲಿಸುವ ಪರೀಕ್ಷೆ ಮಾಡಿ. 25 ಎಂಎಂ ನೀರು ಅಂದರೆ ಚದರ ಮೀಟರಿಗೆ 25 ಕೆಜಿ ಭಾರ, ಸೊರಗಿದ ಮೋಲ್ಡಿನ ಮೇಲೆ ಆ ಹುಡುಗಾಟ ಬೇಡ. ತಾರಸಿಯನ್ನು ಮಣ್ಣು ಅಥವಾ ತೆಳು ಗಾರೆಯ ಕಟ್ಟೆಯಿಂದ ಭಾಗ ಮಾಡಿಕೊಳ್ಳಿ. ನೀರು ಹೋಗುವ ಬಾಯನ್ನು ಪ್ಲಾಸ್ಟಿಕ್ ಸುತ್ತಿದ ಬಟ್ಟೆಯಿಂದ ಬಿಗಿಯಾಗಿ ಮುಚ್ಚಿ, ಒಂದೊಂದೇ ಭಾಗದಲ್ಲಿ 24 ಗಂಟೆ ನೀರು ನಿಲ್ಲಿಸಿ. ಪಕ್ಕದಲ್ಲೇ ಒಂದು ಅಗಲದ ತಟ್ಟೆಯಲ್ಲೂ ಅಷ್ಟೇ ಆಳದ ನೀರಿಡಿ. ತಟ್ಟೆಯಲ್ಲಿ ಇಳಿದದ್ದು ಬಿಸಿಲಿಗೆ ಆರಿದ್ದು, ತಾರಸಿಯಲ್ಲಿ ಅದಕ್ಕಿಂತ ಹೆಚ್ಚು ಇಳಿದಿದ್ದರೆ ಆ ಭಾಗ ಕುಡಿಯುತ್ತಿದೆ. ತಟ್ಟೆಗಿಂತ ಹೆಚ್ಚು ಇಳಿಯದಿದ್ದರೆ ಪೈಪಿನಿಂದ ಪ್ಯಾರಾಪೆಟ್ ಗೋಡೆಗೆ ನೀರು ಬಿಡಿ, ಬುಡದಿಂದ ಶುರುಮಾಡಿ ಮೇಲಕ್ಕೆ, ಒಂದೊಂದು ಜಾಗಕ್ಕೆ 15–20 ನಿಮಿಷ. ಮೇಲಿನಿಂದ ಶುರುಮಾಡಿದರೆ ಎಲ್ಲ ಕಡೆ ಒಟ್ಟಿಗೆ ಒದ್ದೆಯಾಗಿ ಏನೂ ತಿಳಿಯಲ್ಲ.

ಸೋರಿಕೆ ತಾರಸಿಯ ನಡುವೆ ಇರೋದಕ್ಕಿಂತ ಪ್ಯಾರಾಪೆಟ್ ಬುಡ, ನೀರಿನ ಬಾಯಿ, ಪೈಪು ಮೋಲ್ಡಿನಲ್ಲಿ ತೂರಿದ ಜಾಗ, ಇವುಗಳಲ್ಲೇ ಹೆಚ್ಚು. ಪ್ಯಾರಾಪೆಟ್ ಬುಡದ ಸಡಿಲ ಗಾರೆ ತೆಗೆದು, ಪಾಲಿಮರ್ ಬೆರೆಸಿದ ಗಾರೆಯಲ್ಲಿ 50 ಎಂಎಂನಷ್ಟು ಗುಂಡನೆ ಮೂಲೆ ಕಟ್ಟಿಸಿ. ಮುಂದೆ ಹೊಡೆಯುವ ಕೋಟಿಂಗ್ ಗೋಡೆಯ ಮೇಲೆ ಕನಿಷ್ಠ 15 ಸೆಂಮೀ ಹತ್ತಲಿ. ಪೈಪಿನ ಸುತ್ತ ಕೆತ್ತಿ ಕುಗ್ಗದ ಗ್ರೌಟ್ (ಸಂದು ತುಂಬುವ ಸಿಮೆಂಟ್ ಮಿಶ್ರಣ) ತುಂಬಿಸಿ. ಬಿಸಿಲಿಗೆ ಬಾಯಿಬಿಟ್ಟು ಮುಚ್ಚುವ ಬಿರುಕಿಗೆ ಸಿಮೆಂಟು ನಿಲ್ಲಲ್ಲ. 10 ಎಂಎಂ ಅಗಲ ಕೆತ್ತಿ, ಧೂಳು ಊದಿ, ಪಿಯು ಸೀಲಂಟ್ (ರಬ್ಬರಿನಂತೆ ಹಿಗ್ಗಿ ಕುಗ್ಗುವ ಅಂಟು) ತುಂಬಿ, ಮೇಲೆ ಫೈಬರ್ ಮೆಶ್ ಪಟ್ಟಿ ಕೂರಿಸಬೇಕು.

ವಾಟ ನೋಡೋದನ್ನು ಮರೆಯಬೇಡಿ. ಮೀಟರಿಗೆ ಕನಿಷ್ಠ 10 ಎಂಎಂ ಇಳಿಜಾರು ಬೇಕು. ಆದರೆ ವಾಟ ಸರಿಮಾಡ್ತೀವಿ ಅಂತ ಹಳೆಯದರ ಮೇಲೆಯೇ ಇನ್ನೊಂದು ಪದರ ಹಾಕಿಸಬೇಡಿ. 50 ಎಂಎಂ ಗಾರೆ ಅಂದರೆ ಚದರ ಮೀಟರಿಗೆ 100 ಕೆಜಿ. ಹಳೆಯ ಮನೆಗಳಲ್ಲಿ ಇಂಥ ಎರಡು ಮೂರು ಪದರ ಇರೋದುಂಟು, ಒಂದು ಕಡೆ ಕೆತ್ತಿ ಎಣಿಸಿ. ಆ ಪದರಗಳ ನಡುವೆಯೇ ನೀರು ನಿಂತು, ಬಿರುಕು ಒಂದು ಕಡೆ ಇದ್ದರೆ ಕಲೆ ಇನ್ನೊಂದು ಕಡೆ ಏಳೋದು. ಅಂಥಲ್ಲಿ ಸಡಿಲ ಪದರವನ್ನು ಮೋಲ್ಡಿನವರೆಗೂ ತೆಗೆಸೋದೇ ಸರಿ. ಖರ್ಚು ಕಾಣುತ್ತೆ, ಆದರೆ ಮೇಲೆ ತೇಪೆ ಹಾಕಿದ್ದು ನಿಲ್ಲಲ್ಲ.

ಕೋಟಿಂಗ್ ಸರದಿ ಇಷ್ಟೆಲ್ಲ ಆದ ಮೇಲೆ. ಒಂದು ಮೀಟರ್ ಚೌಕದ ಪ್ಲಾಸ್ಟಿಕ್ ಹಾಳೆಯನ್ನು ತಾರಸಿಗೆ ಟೇಪ್ ಹಾಕಿ ರಾತ್ರಿಯಿಡೀ ಬಿಡಿ. ಬೆಳಗ್ಗೆ ಅಡಿಯಲ್ಲಿ ಹನಿ ಕಂಡರೆ ಇನ್ನೂ ಒಣಗಿಲ್ಲ, ಹೊಡೆದರೆ ಗುಳ್ಳೆ ಏಳುತ್ತೆ. ಸುಡುವ ಬಿಸಿಲಲ್ಲೂ ಬೇಡ. ಎರಡು ಕೈ (ಎರಡು ಸಲ ಬಳಿಯೋದು), ಎರಡನೆಯದು ಮೊದಲನೆಯದಕ್ಕೆ ಅಡ್ಡಡ್ಡ. ಮೋಸ ಆಗೋದು ಇಲ್ಲೇ: ತಾರಸಿಯ ಅಳತೆ ತೆಗೆದು, ಡಬ್ಬದ ಮೇಲೆ ಎರಡು ಕೈಗೆ ಲೀಟರಿಗೆ ಎಷ್ಟು ಚದರ ಅಡಿ ಅಂತ ಬರೆದಿದ್ದಾರೋ ಅದರಿಂದ ಭಾಗಿಸಿ ಎಷ್ಟು ಡಬ್ಬ ಬೇಕೋ ಎಣಿಸಿಡಿ. ಅದರ ಅರ್ಧ ಡಬ್ಬಗಳಲ್ಲೇ ಇಡೀ ತಾರಸಿ ಮುಗಿಸಿದರೆ ಯಾರೋ ನೀರು ಬೆರೆಸಿದ್ದಾರೆ.

ಕೆಳಗಿನಿಂದ ಸೀಲಿಂಗ್‌ಗೆ ವಾಟರ್‌ಪ್ರೂಫ್ ಬಣ್ಣ ಬಳಿಯೋದು ಬೇಡ, ಮೇಲಿನ ನೀರು ಒಳಗೇ ಸಿಕ್ಕಿಕೊಂಡು ಬಣ್ಣದ ಹಾಳೆಯನ್ನೇ ಚೀಲದ ಹಾಗೆ ಊದಿಸುತ್ತೆ. ಹಾಲ್‌ನ ಫಾಲ್ಸ್ ಸೀಲಿಂಗ್‌ಗೆ ಎರಡು ಕಡೆ ಒಂದೂವರೆ ಅಡಿ ಚೌಕದ ಬಾಗಿಲು ಕೊಯ್ಸಿ, ಒಂದು ಪ್ಯಾರಾಪೆಟ್ ಬದಿಗೆ, ಇನ್ನೊಂದು ಫ್ಯಾನಿನ ಹತ್ತಿರ. ಟಾರ್ಚ್ ಹಿಡಿದು ಅಲ್ಲೂ ಇದೇ ಸುತ್ತಿಗೆ ಪರೀಕ್ಷೆ. ಕೆಲಸ ಮುಗಿದ ಮೇಲೆ ಅದನ್ನು ಪ್ಲಾಸ್ಟರ್ ಹಾಕಿ ಮುಚ್ಚಿಸಬೇಡಿ, ಕೀಲು ಹಾಕಿ ಹಾಗೇ ಇಟ್ಟುಕೊಳ್ಳಿ. ಫ್ಯಾನ್ ಕೊಕ್ಕೆಯ ಬುಡದ ಫೋಟೋ ತೆಗೆದು ಇಲ್ಲಿ ಹಾಕಿ, ಅಲ್ಲಿ ತುಕ್ಕು ಎಷ್ಟಿದೆ ಅಂತ ನೋಡಿಕೊಂಡು ಮುಂದಿನದು ಹೇಳಬಹುದು.