ಓದುಗರ ಪ್ರಶ್ನೆ, ನಮ್ಮ ಉತ್ತರ: ಮಲ್ಲಿಗೆ ಲೆಕ್ಕದಲ್ಲಿ ಪೈಥಾನ್ ಪಾಠ

ಪ್ರಶ್ನೆ: ಸ್ವಸಹಾಯ ಸಂಘದ ಹನ್ನೆರಡು ಮಂದಿ ಹೆಂಗಸರಿಗೆ ಸಂಜೆ ಹೊತ್ತು ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆ ಹೇಳಿಕೊಡುತ್ತಿದ್ದೇನೆ. ಎಲ್ಲರೂ 35 ದಾಟಿದವರು. ಬೋರ್ಡಿನಲ್ಲಿ ಬರೆದದ್ದನ್ನು ತಪ್ಪಿಲ್ಲದೆ ಟೈಪ್ ಮಾಡುತ್ತಾರೆ. "ಈಗ ನೀವೇ ಒಂದು ಬರೆಯಿರಿ" ಎಂದರೆ ಸುಮ್ಮನೆ ಕೂರುತ್ತಾರೆ. ಎಲ್ಲಿ ತಪ್ಪುತ್ತಿದೆ?
— ಶಿಕ್ಷಕಿ, ಕಟಪಾಡಿ

ಉತ್ತರ: ನಕಲು ಮಾಡುವಾಗ ಕೆಲಸ ಬೆರಳಿಗೆ ಮಾತ್ರ. ಓದಲು ಬರುವ ಮೊದಲೇ ಬರೆಯಿರಿ ಎಂದರೆ ಯಾರಾದರೂ ಕಂಗಾಲಾಗುತ್ತಾರೆ. ಇದು ವಯಸ್ಸಿನ ದೋಷವಲ್ಲ. ಮೊದಲ ನಾಲ್ಕು ತರಗತಿಗಳಲ್ಲಿ ಖಾಲಿ ಪರದೆ ಕೊಡಲೇಬೇಡಿ. ಓಡುವ ಪ್ರೋಗ್ರಾಂ ಕೊಡಿ, ನಾಲ್ಕೇ ಸಾಲಿನದು. ಲೆಕ್ಕ ಮಾತ್ರ ಅವರದೇ ಆಗಿರಲಿ. ಮಲ್ಲಿಗೆ ಬೆಳೆಯುವ ಶಂಕರಪುರ ನಿಮಗೆ ಪಕ್ಕದಲ್ಲೇ ಇದೆ. ನಾಲ್ಕು ಚೆಂಡು ಮಲ್ಲಿಗೆಗೆ ಒಂದು ಅಟ್ಟೆ ಎಂದು ಅಲ್ಲಿ ಯಾರಿಗೂ ವಿವರಿಸಬೇಕಾಗಿಲ್ಲ.

ಚೆಂಡು = 11
ಅಟ್ಟೆ = ಚೆಂಡು // 4
ಉಳಿದದ್ದು = ಚೆಂಡು % 4
ಪ್ರಿಂಟ್(ಅಟ್ಟೆ, ಉಳಿದದ್ದು)

('ಪ್ರಿಂಟ್' ಎಂಬುದನ್ನು ಇಂಗ್ಲಿಷಿನ ಸಣ್ಣ ಅಕ್ಷರಗಳಲ್ಲೇ ಟೈಪ್ ಮಾಡಿಸಿ.)

ರನ್ ಒತ್ತುವ ಮುಂಚೆ, ಪರದೆಯಲ್ಲಿ ಏನು ಬರುತ್ತದೆಂದು ಪ್ರತಿಯೊಬ್ಬರೂ ಪುಸ್ತಕದಲ್ಲಿ ಬರೆಯಲಿ. ಹೊತ್ತಾಯಿತೆಂದು ಈ ಹೆಜ್ಜೆಯನ್ನು ಬಿಡಬೇಡಿ. 2.75 ಎಂದು ಬರೆಯುವವರು ಇದ್ದೇ ಇರುತ್ತಾರೆ. ಬರುವುದು 2 3. ಏಕೆ ಹೀಗೆ ಎಂದು ಅವರೇ ಕೇಳಿದಾಗ ಹೇಳಿ: ಎರಡು ಓರೆಗೀಟು ಹಾಕಿದರೆ ಪೂರ್ಣ ಭಾಗಲಬ್ಧ, % ಹಾಕಿದರೆ ಶೇಷ. ಬಡ್ಡಿ ಲೆಕ್ಕ ಹಾಕಿ ಅಭ್ಯಾಸವಿದ್ದವರಿಗೆ % ಎಂದರೆ ಶೇಕಡಾ, ಆದ್ದರಿಂದ ಇಲ್ಲಿ ಅದಕ್ಕೂ ಶೇಕಡಾಕ್ಕೂ ಸಂಬಂಧವಿಲ್ಲ ಎಂದು ಬಿಡಿಸಿ ಹೇಳಲೇಬೇಕು.

ಮುಂದಿನದು ಬದಲಾಯಿಸುವ ಕೆಲಸ. 11ರ ಜಾಗಕ್ಕೆ 3 ಹಾಕಿಸಿ: ಮೊದಲ ಉತ್ತರ 0 ಏಕೆ? ಒಂದು ಓರೆಗೀಟು ಅಳಿಸಿಸಿ: ಈಗ 0.75 ಏಕೆ? ಆಮೇಲೆ ಅದನ್ನು ಮತ್ತೆ ಹಾಕಿ, ಚೆಂಡನ್ನು 11ಕ್ಕೆ ತಂದು, ಅಟ್ಟೆಗೆ 900 ರೂಪಾಯಿ ಹಿಡಿದು ಹಣದ ಸಾಲು ಸೇರಿಸಿ: ಪ್ರಿಂಟ್(ಅಟ್ಟೆ * 900 + ಉಳಿದದ್ದು * 900 / 4). ಉತ್ತರ 2475.0. ಆ ಕೊನೆಯ ಸೊನ್ನೆ ಎಲ್ಲಿಂದ ಬಂತು? ಪೈಥಾನಿನಲ್ಲಿ ಒಂದು ಗೀಟಿನ ಭಾಗಾಕಾರದ ಉತ್ತರ ಯಾವಾಗಲೂ ದಶಮಾಂಶವೇ. ಐದನೆಯ ತರಗತಿಯಲ್ಲಿ ಹಣದ ಸಾಲನ್ನು ಅಳಿಸಿ ಕೊಟ್ಟು ಅವರಿಂದಲೇ ತುಂಬಿಸಿ. ಖಾಲಿ ಪರದೆ ಅದಾದ ಮೇಲೆ.

ಇನ್ನೊಂದು ಮಾತು, = ಚಿಹ್ನೆಯ ಬಗ್ಗೆ. ಶಾಲೆಯ ಗಣಿತ ಚೆನ್ನಾಗಿ ನೆನಪಿರುವವರೇ ಇಲ್ಲಿ ಎಡವುತ್ತಾರೆ. ಮೊತ್ತ = ಮೊತ್ತ + 50 ಎಂದು ಕಂಡರೆ "ಹಾಗೆ ಆಗುವುದುಂಟಾ?" ಎನ್ನುತ್ತಾರೆ, ನ್ಯಾಯವಾದ ಪ್ರಶ್ನೆಯೇ. ಅದನ್ನು 'ಸಮ' ಎಂದು ಓದಬೇಡಿ. 'ಬಲಗಡೆಯದನ್ನು ಲೆಕ್ಕ ಮಾಡಿ ಎಡಗಡೆಯ ಹೆಸರಿಗೆ ಹಾಕು' ಎಂದು ಓದಿ. ಪುಸ್ತಕದಲ್ಲಿ ಹೆಸರಿಗೊಂದು ಕಾಲಂ ಗೆರೆ ಎಳೆಸಿ, ಸಾಲು ಮುಂದೆ ಹೋದಂತೆ ಹಳೆಯ ಸಂಖ್ಯೆಯನ್ನು ಹೊಡೆದುಹಾಕಿ ಹೊಸದನ್ನು ಬರೆಸಿ. ಥಾನಿ ಎಂಬ ಉಚಿತ ತಂತ್ರಾಂಶದ ವೇರಿಯಬಲ್ಸ್ ಕಿಟಕಿಯಲ್ಲಿ ಇದೇ ಪಟ್ಟಿ ಕಾಣುತ್ತದೆ. ಪೈಥಾನ್ ಅದರೊಳಗೇ ಬರುವುದರಿಂದ ಬೇರೆ ಇನ್‌ಸ್ಟಾಲ್ ಮಾಡುವ ತಲೆನೋವೂ ಇಲ್ಲ.

ಪ್ರಶ್ನೆ: ಎರಡು ಸಂಖ್ಯೆ ಕೇಳಿ ಕೂಡಿಸುವ ಪ್ರೋಗ್ರಾಂ ಬರೆಸಿದೆ. 4 ಮತ್ತು 3 ಕೊಟ್ಟರೆ 43 ಬರುತ್ತದೆ!
— ಗ್ರಂಥಾಲಯದ ಸ್ವಯಂಸೇವಕ, ಸುರತ್ಕಲ್

ಉತ್ತರ: ಬಳಸುವವರು ಟೈಪ್ ಮಾಡಿದ್ದನ್ನು ಪಡೆಯುವ ಇನ್‌ಪುಟ್‌ನಿಂದ ಸಿಗುವುದು ಅಕ್ಷರಗಳು, ಸಂಖ್ಯೆಯಲ್ಲ. ಅಕ್ಷರಗಳ ನಡುವೆ + ಹಾಕಿದರೆ ಒಂದರ ಬಾಲಕ್ಕೆ ಇನ್ನೊಂದು ಅಂಟುತ್ತದೆ. ಇನ್‌ಪುಟ್ ಅನ್ನು ಇಂಟ್ (ಪೂರ್ಣಸಂಖ್ಯೆ ಮಾಡುವುದು) ಆವರಣದೊಳಗೆ ಇಡಿ, 12.50 ರೂಪಾಯಿಯಂಥದ್ದು ಬರುವುದಿದ್ದರೆ ಇಂಟ್ ಬದಲು ದಶಮಾಂಶದ ಫ್ಲೋಟ್. ಹೀಗೆ ಮಾಡುವಾಗ ಕೊನೆಯ ಎರಡು ಆವರಣಗಳಲ್ಲಿ ಒಂದು ಬಿಟ್ಟುಹೋಗುವುದೇ ಹೆಚ್ಚು. ಪೈಥಾನ್ 3.10 ಆವೃತ್ತಿಗಿಂತ ಹಳೆಯದಾದರೆ ದೋಷವನ್ನು ಮುಂದಿನ ಸಾಲಿನಲ್ಲಿ ತೋರಿಸುವುದುಂಟು, ಕಲಿಯುವವರು ಸರಿಯಿರುವ ಸಾಲನ್ನೇ ತಿದ್ದಿ ಕೆಡಿಸುತ್ತಾರೆ. ಅದರ ಮೇಲಿನ ಸಾಲನ್ನೂ ನೋಡುವ ಅಭ್ಯಾಸ ಮಾಡಿಸಿ. ಪಾಠವನ್ನು ವರ್ಡ್ ಫೈಲಿನಲ್ಲಿ ಹಂಚುವುದೂ ಬೇಡ: ಅದು ನೆಟ್ಟಗಿನ ಉದ್ಧರಣ ಚಿಹ್ನೆಯನ್ನು ಬಾಗಿಸುತ್ತದೆ, ಬಾಗಿದ್ದು ಪೈಥಾನಿಗೆ ಆಗಿಬರುವುದಿಲ್ಲ.

ಪ್ರಶ್ನೆ: ಪ್ರೋಗ್ರಾಂನಲ್ಲಿ ಕನ್ನಡ ಎಷ್ಟು ದೂರ ನಡೆಯುತ್ತದೆ?
— ಓದುಗರು, ಕುಂದಾಪುರ

ಉತ್ತರ: ಹೆಸರುಗಳಿಗೆ ಧಾರಾಳವಾಗಿ ನಡೆಯುತ್ತದೆ, ಪೈಥಾನ್ 3 ಬಂದ 2008ರಿಂದಲೂ. ಪೈಥಾನಿನ ಸ್ವಂತ ಪದಗಳಾದ ಇಫ್, ಫಾರ್, ಪ್ರಿಂಟ್‌ಗಳು ಮಾತ್ರ ಇಂಗ್ಲಿಷಿನಲ್ಲೇ ಇರಬೇಕು. ಕನ್ನಡ ಟೈಪ್ ಮಾಡಲು 'ನುಡಿ' ತಂತ್ರಾಂಶ ಬಳಸುವುದಾದರೆ ಅದರಲ್ಲಿ ಯೂನಿಕೋಡ್ ಆರಿಸಿಕೊಳ್ಳಿ. 'ಬ್ಯಾಂಕ್‌ಸಾಲ' ಎಂಬಂಥ ಹೆಸರು ಇಡಬೇಡಿ: ಕ್ ಆದಮೇಲೆ ಒತ್ತಕ್ಷರ ಆಗದಂತೆ ತಡೆಯುವ, ಕಣ್ಣಿಗೆ ಕಾಣದ ಒಂದು ಗುರುತು ಅಲ್ಲಿ ಕೂತಿರುತ್ತದೆ, ಪೈಥಾನ್ ಅದನ್ನು ಒಪ್ಪುವುದಿಲ್ಲ. 'ಸಾಲ' ಸಾಕು. ಪ್ರೋಗ್ರಾಂನ ಸಾಲಿನಲ್ಲಿ ೧೨ ಎಂದು ಕನ್ನಡ ಅಂಕಿ ಬರೆದರೆ ದೋಷ ಬರುತ್ತದೆ. ಆದರೆ ಅದೇ ೧೨ನ್ನು ಇನ್‌ಪುಟ್‌ನಲ್ಲಿ ಟೈಪ್ ಮಾಡಿದರೆ ಇಂಟ್ ಅದನ್ನು 12 ಎಂದೇ ಓದಿಕೊಳ್ಳುತ್ತದೆ.