ಎಲ್ಲಕ್ಕೂ ಕೂದಲೆಳೆಯೇ?

ತೀರ್ಥಹಳ್ಳಿಯ ಕಾಲೇಜೊಂದರಲ್ಲಿ ಇಂಗ್ಲಿಷ್ ಕಲಿಸುವ ಓದುಗರೊಬ್ಬರ ಪತ್ರ: ‘ಬೈ ಎ ವಿಸ್ಕರ್, ನೆಕ್ ಅಂಡ್ ನೆಕ್, ಕ್ಲೋಸ್ ಶೇವ್, ಬೈ ದ ಸ್ಕಿನ್ ಆಫ್ ಒನ್ಸ್ ಟೀತ್... ಯಾವುದನ್ನು ಕೊಟ್ಟರೂ ಮಕ್ಕಳು ಕೂದಲೆಳೆ ಅಂತರ ಎಂದೇ ಬರೆಯುತ್ತಾರೆ. ಪತ್ರಿಕೆಗಳಲ್ಲೂ ಅದೇ. ಕನ್ನಡಕ್ಕೆ ಬೇರೆ ಮಾತಿಲ್ಲವೇ?’

ಮೇಡಂ, ಧಾರಾಳವಾಗಿ ಇವೆ. ನಾವು ಬಳಸುವುದು ಬಿಟ್ಟಿದ್ದೇವೆ, ಅಷ್ಟೇ.

ವಿಸ್ಕರ್ ಎಂದರೆ ಮೀಸೆಯ ಕೂದಲು, ಅದಕ್ಕೆ ಕೂದಲೆಳೆ ಸರಿಯಾಗಿಯೇ ಒಪ್ಪುತ್ತದೆ. ನೆಕ್ ಅಂಡ್ ನೆಕ್ ಮಾತ್ರ ಬೇರೆ ಜಾತಿಯದು. ಅದು ಬಂದಿದ್ದು ಕುದುರೆ ರೇಸಿನಿಂದ. ಅಲ್ಲಿ ಮೂಗು, ತಲೆ, ಕತ್ತು ಅಲಂಕಾರದ ಮಾತುಗಳಲ್ಲ, ಗೆಲುವಿನ ಅಳತೆಗಳು. ನೋಸ್ ಎಲ್ಲಕ್ಕಿಂತ ಚಿಕ್ಕದು, ಆಮೇಲೆ ಶಾರ್ಟ್ ಹೆಡ್, ಹೆಡ್, ನೆಕ್. ಆದರೆ ನೆಕ್ ಅಂಡ್ ನೆಕ್ ಎಂದರೆ ಕುದುರೆಗಳು ಇನ್ನೂ ಓಡುತ್ತಿವೆ, ಯಾವುದೂ ಮುಂದಿಲ್ಲ. ಅಂತರವೇ ಇಲ್ಲದ ಕಡೆ ಕೂದಲೆಳೆ ಎಲ್ಲಿಂದ ಬರಬೇಕು? ‘ಸರಿಸಮ ಪೈಪೋಟಿ’ ಎಂದು ಬರೆಸಿ.

‘ಸ್ಕಿನ್ ಆಫ್ ಒನ್ಸ್ ಟೀತ್’, ಅಂದರೆ ಹಲ್ಲಿನ ಚರ್ಮದ ಮಾತು ನನಗೆ ಬಹಳ ಇಷ್ಟ. ಅದು ಬೈಬಲ್ಲಿನ ಯೋಬನ ಗ್ರಂಥದ 19ನೇ ಅಧ್ಯಾಯದ್ದು. 1560ರ ಜಿನೀವಾ ಬೈಬಲ್ ಮೂಲಕ ಇಂಗ್ಲಿಷಿಗೆ ಬಂತು. ಮಕ್ಕಳು, ಆಸ್ತಿ, ಆರೋಗ್ಯ ಎಲ್ಲವನ್ನೂ ಕಳೆದುಕೊಂಡು ಮೂಳೆ-ಚಕ್ಕಳವಾದ ಮನುಷ್ಯನ ನುಡಿ ಅದು. ಹಲ್ಲಿಗೆ ಚರ್ಮ ಇರುತ್ತದೆಯೇ? ಅಷ್ಟೂ ಇಲ್ಲದೆ ಪಾರಾದೆ ಎನ್ನುತ್ತಾನೆ. ಹಾಗಾಗಿ ಉಳಿದುಕೊಂಡವರಿಗೆ ಮಾತ್ರ ಈ ಮಾತು, ಸೋತವರಿಗೆ ಸಲ್ಲದು. ನಮ್ಮ ‘ಬದುಕಿದೆಯಾ ಬಡಜೀವವೇ’ ಇದಕ್ಕೆ ಎಷ್ಟು ಹತ್ತಿರ ನೋಡಿ.

ಕ್ಲೋಸ್ ಶೇವ್‌ಗೆ ನಿಮ್ಮೂರ ಕಡೆಯೇ ಉದಾಹರಣೆ ಸಿಗುತ್ತದೆ. ಅಡಿಕೆ ಸುಲಿಯುವ ಹೊತ್ತು ಮೆಟ್ಟುಗತ್ತಿಯ ಮುಂದೆ ಕೂತ ಹೆಂಗಸರ ಬೆರಳು ನೋಡಿ. ಕಾಯಿ ತುಸು ಜಾರಿತು, ಅಲಗು ಉಗುರು ಸವರಿ ಹೋಯಿತು, ಬೆರಳು ಉಳಿಯಿತು. ‘ತಲೆಗೆ ಬಂದದ್ದು ಪಗಡಿಗೆ ಹೋಯಿತು’ ಎನ್ನುವುದು ಇಂಥದ್ದಕ್ಕೇ. ಇಲ್ಲಿ ಗೆಲುವು ಸೋಲಿನ ಪ್ರಶ್ನೆ ಇಲ್ಲ, ಅಪಾಯ ತಪ್ಪಿದ ನಿಟ್ಟುಸಿರು ಮಾತ್ರ.

ಇನ್ನು ದಕ್ಕದೇ ಹೋದವರು. 1984ರ ಲಾಸ್ ಏಂಜಲಿಸ್ ಒಲಿಂಪಿಕ್ಸ್‌ನ 400 ಮೀಟರ್ ಹರ್ಡಲ್ಸ್‌ನಲ್ಲಿ ಮೂರನೆಯವರು 55.41 ಸೆಕೆಂಡಿಗೆ ಮುಟ್ಟಿದರು, ಪಿ.ಟಿ. ಉಷಾ 55.42ಕ್ಕೆ. ಅದನ್ನು ‘ಕೂದಲೆಳೆ ಅಂತರದಲ್ಲಿ ಪದಕ ವಂಚಿತ’ ಎಂದು ಬರೆದರೆ ನೋವು ಹೇಳಿದಂತಾಗುವುದಿಲ್ಲ. ‘ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ’ ಎಂದು ನೋಡಿ, ಕರುಳು ಚುರುಕ್ ಎನ್ನುತ್ತದೆ.

ಕೊನೆಯದಾಗಿ ನನ್ನದೊಂದು ಹಠ. ಅಂಕಿ ಕೈಯಲ್ಲಿದ್ದಾಗ ನುಡಿಗಟ್ಟೇ ಬೇಡ. 2004ರ ವಿಧಾನಸಭಾ ಚುನಾವಣೆಯಲ್ಲಿ ಸಂತೇಮರಹಳ್ಳಿಯಲ್ಲಿ ಆರ್. ಧ್ರುವನಾರಾಯಣ 40,752 ಮತ ಪಡೆದರು, ಎ.ಆರ್. ಕೃಷ್ಣಮೂರ್ತಿ 40,751. ‘ಒಂದೇ ಒಂದು ಮತ’ ಎನ್ನುವುದಕ್ಕಿಂತ ಬಲವಾದ ಮಾತು ಯಾವ ಭಾಷೆಯಲ್ಲೂ ಇಲ್ಲ. ಲಿಂಗನಮಕ್ಕಿ ಜಲಾಶಯದ ವಿಷಯದಲ್ಲಿ ಮಲೆನಾಡಿಗರಿಗೆ ಇದು ಚೆನ್ನಾಗಿ ಗೊತ್ತು. ಪೂರ್ಣ ಮಟ್ಟ 1,819 ಅಡಿ. ನೀರು 1,818ಕ್ಕೆ ಬಂತೆಂದರೆ ‘ಭರ್ತಿಗೆ ಒಂದೇ ಅಡಿ ಬಾಕಿ’ ಎನ್ನುತ್ತೇವೆ, ಕೇಳಿದವರಿಗೆ ತಕ್ಷಣ ತಿಳಿಯುತ್ತದೆ.

ಮುಂದಿನ ಸಲ ಮಕ್ಕಳಿಗೆ ಬಿಡಿ ನುಡಿಗಟ್ಟು ಕೊಡಬೇಡಿ, ಸಂದರ್ಭದ ಜೊತೆಗೆ ಕೊಡಿ. ಗೆದ್ದವರು ಹೇಳುತ್ತಿದ್ದಾರೋ, ಸೋತವರೋ, ಬದುಕಿ ಬಂದವರೋ ಎಂದು ಮೊದಲು ಕೇಳಿ. ಕನ್ನಡದ ಮಾತು ಅವರ ಬಾಯಿಗೆ ತಾನೇ ಬರುತ್ತದೆ.

— ಸಂಪಾದಕ